ಮನೆಯಿಲ್ಲದವರ ಮೇಲೆ ಮೊದಲ ಗುಮಾನಿ

ಧಾರವಾಡದ ಕಡೆಯಿಂದ ಮಡಿಕೇರಿಗೆ ಪ್ರವಾಸ ಹೋಗುವವರು ಈಗ ಬಹಳ. ದಸರೆಯ ಸೂಟಿ ಬಂತೆಂದರೆ ನಾಲ್ಕು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡು ಹೊರಟುಬಿಡುತ್ತಾರೆ. ರಾಜಾಸೀಟು, ಅಬ್ಬಿ ಜಲಪಾತ, ತಲಕಾವೇರಿ, ದುಬಾರೆಯ ಆನೆ, ಬೈಲಕುಪ್ಪೆಯ ಬಂಗಾರದ ಬುದ್ಧ. ಬರುವಾಗ ಕಾಫಿಪುಡಿ, ಜೇನುತುಪ್ಪ, ಮೊಬೈಲಿನ ತುಂಬ ಫೋಟೋ ತರುತ್ತಾರೆ. ಅದರ ಜೊತೆಗೆ ಒಂದು ದೂರನ್ನೂ ತರುತ್ತಾರೆ. ಈ ದೂರನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಧಾರವಾಡದಿಂದ ಮುಗದಕ್ಕೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಕೇಳಿದ್ದೇನೆ.

“ಊರು ಭಾಳ ಛಲೋ ಅದರೀ ಅಕ್ಕೋರ. ಆದ್ರ ರಾತ್ರಿ ಬಸ್‌ಸ್ಟ್ಯಾಂಡ್ ಕಡೆ ಹೋಗೂಹಂಗಿಲ್ಲ ನೋಡ್ರಿ. ಅಂಗಡಿ ಕಟ್ಟಿ ಮ್ಯಾಲೆಲ್ಲಾ ಮಂದಿ ಮಲಗಿರ್ತಾರ. ಯಾವ ಊರವ್ರೋ ಏನೋ. ಕಳುವು ಆಗಲಾರದ ಏನಾಗ್ತದ? ಅವ್ರನ್ನೆಲ್ಲಾ ಊರ ಹೊರಗ ಹಾಕಬೇಕು.”

“ನಿಮ್ಮದು ಏನರ ಕಳೀತೇನು?” ಎಂದು ಕೇಳುತ್ತೇನೆ. “ಇಲ್ಲರೀ, ಕಳೀಲಿಲ್ಲ. ಆದ್ರೂ...” ಎನ್ನುತ್ತಾರೆ.

ಈ ‘ಆದ್ರೂ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ರಾತ್ರಿಯ ಅಂಜಿಕೆ ಸುಳ್ಳಲ್ಲ. ನಾನು ಹೆಣ್ಣುಮಗಳು, ಮೂವತ್ತು ಹುಡುಗಿಯರನ್ನು ಕರೆದುಕೊಂಡು ಪರಊರಿಗೆ ಹೋಗಿ, ಲಾಡ್ಜಿನ ಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಹತ್ತು ಸಲ ನೋಡಿದವಳು. ಕತ್ತಲೆಯಲ್ಲಿ ಅಪರಿಚಿತ ಗಂಡಸು ಕಂಡರೆ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ಆದರೆ ಅಂಜಿಕೆ ಬೇರೆ, ಆರೋಪ ಬೇರೆ. ಕನ್ನಡ ಕಲಿಸುವವಳಾದ್ದರಿಂದ ಶಬ್ದ ಹಿಡಿದೇ ಹೇಳುತ್ತೇನೆ. ‘ಮನೆಯಿಲ್ಲದವನು’ ಎಂಬ ಶಬ್ದ ಅವನಿಗೆ ಏನಿಲ್ಲ ಎಂಬುದನ್ನು ಹೇಳುತ್ತದೆ. ‘ಕದ್ದವನು’ ಎಂಬ ಶಬ್ದ ಅವನು ಏನು ಮಾಡಿದ ಎಂಬುದನ್ನು ಹೇಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಏಳನೆಯ ಇಯತ್ತೆಯ ಹುಡುಗನ ಉತ್ತರಪತ್ರಿಕೆಯಲ್ಲಾದರೂ ನಾವು ಕೆಂಪು ಗೆರೆ ಎಳೆಯುತ್ತೇವೆ. ದೊಡ್ಡವರ ಮಾತಿಗೆ ಗೆರೆ ಎಳೆಯುವವರು ಯಾರು?

2019ರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನೂ ಮಡಿಕೇರಿಗೆ ಹೋಗಿದ್ದೆ. ದಾರಿಯಲ್ಲಿ ಗಾಡಿ ಕೆಟ್ಟು, ಊರು ಮುಟ್ಟಿದಾಗ ರಾತ್ರಿ ಹನ್ನೊಂದು ದಾಟಿತ್ತು. ಮಂಜು ಬಿದ್ದಿತ್ತು. ಹುಡುಗಿಯರಿಗೆ ಅರ್ಜೆಂಟಾಗಿ ಶೌಚಾಲಯ ಬೇಕಾಗಿತ್ತು. ಹುಡುಕಿದರೆ ಅದಕ್ಕೆ ಕೀಲಿ ಹಾಕಿತ್ತು. ಅಲ್ಲಿಯೇ ಒಂದು ಅಂಗಡಿಯ ಕಟ್ಟೆಯ ಮೇಲೆ ಗೋಣಿತಟ್ಟು ಹೊದ್ದುಕೊಂಡು ಮಲಗಿದ್ದ ಮುದುಕನೊಬ್ಬ ಎದ್ದು, ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂದು ಹೇಳಿ, ತಾನೇ ಹೋಗಿ ಅವನನ್ನು ಎಬ್ಬಿಸಿಕೊಂಡು ಬಂದ. ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ಬರುವವರೆಗೆ ಅವನ ಜೊತೆ ಮಾತಾಡುತ್ತ ನಿಂತೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಫಿ ತೋಟದಲ್ಲಿ ದುಡಿದವನಂತೆ. ಈಗ ಬೆನ್ನು ಕೈಕೊಟ್ಟಿದೆ, ಮರ ಹತ್ತಿ ಮೆಣಸು ಕೊಯ್ಯಲಾಗುವುದಿಲ್ಲ. ಕೆಲಸ ಹೋಯಿತು, ಕೆಲಸದ ಜೊತೆಗೆ ಲೈನ್ ಮನೆಯೂ ಹೋಯಿತು. ಹೆಂಡತಿ ತೀರಿಕೊಂಡಿದ್ದಾಳೆ. ಇಷ್ಟನ್ನು ಅವನು ದೂರು ಹೇಳುವ ಹಾಗೆ ಹೇಳಲಿಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದ.

ನಮ್ಮ ಕಡೆಯವರಿಗೆ ಲೈನ್ ಮನೆ ಎಂದರೆ ಗೊತ್ತಾಗಲಿಕ್ಕಿಲ್ಲ. ತೋಟದೊಳಗೆ ಒಂದೇ ಸಾಲಿನಲ್ಲಿ, ಒಂದಕ್ಕೊಂದು ಗೋಡೆ ಅಂಟಿಸಿ ಕಟ್ಟಿದ ಕೋಣೆಗಳು. ಒಂದೊಂದು ಸಂಸಾರಕ್ಕೆ ಒಂದೊಂದು. ತೋಟದ ಆಳುಗಳಿಗೆ ಮಾಲೀಕರೇ ಮನೆ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಕೇಳಲಿಕ್ಕೆ ಒಳ್ಳೆಯದೇ. ಆದರೆ ಆ ಮನೆ ಆಳಿನದಲ್ಲ, ಕೆಲಸದ್ದು. ಎತ್ತಿಗೆ ಕೊಟ್ಟಿಗೆ ಇದ್ದ ಹಾಗೆ. ಕೆಲಸ ಬಿಟ್ಟವನು ಮನೆ ಬಿಡಬೇಕು. ಮಾಲೀಕನ ಜೊತೆ ಜಗಳವಾದರೆ ಬಿಡಬೇಕು. ಮುಪ್ಪು ಬಂದರೆ ಮಗನೋ ಸೊಸೆಯೋ ಅದೇ ತೋಟದಲ್ಲಿ ದುಡಿಯುತ್ತಿದ್ದರೆ ಉಳಿಯಬಹುದು, ಇಲ್ಲವಾದರೆ ಇಲ್ಲ. ಮೂರು ತಲೆಮಾರು ಒಂದೇ ತೋಟದಲ್ಲಿ ಬದುಕಿದರೂ ತನ್ನ ಹೆಸರಿನಲ್ಲಿ ಒಂದು ಗೇಣು ನೆಲವಿಲ್ಲದ ಸಂಸಾರಗಳು ಕೊಡಗಿನಲ್ಲಿವೆ. ಅವರಲ್ಲಿ ಬಹಳ ಜನ ಯರವರು, ಕುರುಬರು: ಆ ಬೆಟ್ಟಗಳಲ್ಲಿ ಕಾಫಿ ಗಿಡ ಬರುವ ಮೊದಲೇ ಇದ್ದವರು.

ಇವರೇ ಅಲ್ಲವೆ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದವರು? ಲೈನ್ ಮನೆಯ ಬದುಕು ಸಾಕೆಂದು ಹೊರಗೆ ಬಂದು, ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ಐದುನೂರಕ್ಕೂ ಹೆಚ್ಚು ಸಂಸಾರಗಳು ಗುಡಿಸಲು ಕಟ್ಟಿಕೊಂಡವು. ಅರಣ್ಯ ಇಲಾಖೆ ಅದು ತನ್ನ ಕಾಡು ಎಂದಿತು. ಅಲ್ಲಿದ್ದವರು ಅದು ಪೈಸಾರಿ ಜಾಗ ಎಂದರು. 2016ರ ಡಿಸೆಂಬರ್‌ನಲ್ಲಿ, ಕೊಡಗಿನ ಚಳಿಯಲ್ಲಿ, ಯಂತ್ರ ತಂದು ಗುಡಿಸಲುಗಳನ್ನು ಕೆಡವಿದರು. ಜನ ಅಲ್ಲಿಂದ ಕದಲಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರಂಥ ವಯೋವೃದ್ಧರು ಅವರ ಪರವಾಗಿ ನಿಂತರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಬೇರೆ ಜಾಗ ಕೊಟ್ಟು ಕಳಿಸಿದರು. ಆ ದಿನಗಳಲ್ಲಿ ನಮ್ಮ ಕಡೆಯ ಎಷ್ಟು ಜನ ದುಬಾರೆಯಲ್ಲಿ ಆನೆಗೆ ಮೈ ತಿಕ್ಕುತ್ತ ಫೋಟೋ ತೆಗೆಸಿಕೊಂಡರೋ! ದಿಡ್ಡಳ್ಳಿ ಅಲ್ಲಿಂದ ಬಹಳ ದೂರವೇನಿಲ್ಲ.

ಎರಡು ವರ್ಷ ಕೂಡ ಆಗಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು ಅದೇ ಕೊಡಗಿನ ಸಾವಿರಾರು ಜನ ಒಂದೆರಡು ದಿನಗಳಲ್ಲಿ ಮನೆ ಕಳೆದುಕೊಂಡರು. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಹೆಸರುಗಳನ್ನು ಆಗ ಇಡೀ ರಾಜ್ಯ ಕಲಿಯಿತು. ನಾವೂ ಶಾಲೆಯಲ್ಲಿ ಚಾದರ, ಅಕ್ಕಿ, ಸೀರೆ ಕೂಡಿಸಿ ಕಳಿಸಿದೆವು. ಅದಕ್ಕೆ ನನಗೆ ಈಗಲೂ ಹೆಮ್ಮೆ. 2020ರ ಜೂನ್‌ನಲ್ಲಿ ಜಂಬೂರು ಮತ್ತು ಮದೆನಾಡಿನಲ್ಲಿ 463 ಮನೆಗಳನ್ನು ಸಂತ್ರಸ್ತರಿಗೆ ಕೊಟ್ಟರು. ತಡವಾಯಿತು, ಆದರೂ ಕೊಟ್ಟರು. ಪರಿಹಾರ ಕೇಂದ್ರದಲ್ಲಿ ನೆಲದ ಮೇಲೆ ಮಲಗಿದ್ದ ಆ ಜನರನ್ನು ಕಂಡು ಯಾರಾದರೂ “ಇಷ್ಟು ಮಂದಿ ಮನಿ ಇಲ್ಲದವ್ರು ಬಂದು ಕೂತಾರ, ಕಳುವು ಜಾಸ್ತಿ ಆಗ್ತದ” ಎಂದರೇನು? ಅನ್ನಲಿಲ್ಲ. ಅಂದಿದ್ದರೆ ಅವನ ಬಾಯಿಗೆ ಹೊಡೆಯುತ್ತಿದ್ದರು. ಹಾಗಾದರೆ ಮನೆ ಇಲ್ಲದ್ದು ಕಾರಣವಲ್ಲ. ಮನೆ ಇತ್ತು ಎನ್ನಲು ಇವರ ಹತ್ತಿರ ಕಾಗದವಿತ್ತು, ಕಟ್ಟೆಯ ಮೇಲಿನ ಮುದುಕನ ಹತ್ತಿರ ಇಲ್ಲ, ಇಷ್ಟೇ ಅಂತರ. ಗುಡ್ಡ ಕುಸಿದು ಬೀದಿಗೆ ಬಂದರೆ ಸಂತ್ರಸ್ತ, ಬೆನ್ನು ಕುಸಿದು ಬೀದಿಗೆ ಬಂದರೆ ಸಂಶಯಿತ.

ಈ ಸಂಶಯ ನಮಗೆ ಎಲ್ಲಿಂದ ಬಂತೆಂದು ತಿಳಿಯಲು ಕೊಡಗಿನ ತನಕ ಹೋಗಬೇಕಾಗಿಲ್ಲ. ಹುಬ್ಬಳ್ಳಿಗೆ ಹೋದರೆ ಸಾಕು. ಅಲ್ಲಿ ಸೆಟ್ಲಮೆಂಟ್ ಎಂಬ ಭಾಗವಿದೆ. ಗದಗ-ಬೆಟಗೇರಿಯಲ್ಲಿಯೂ ಇದೆ, ವಿಜಯಪುರದಲ್ಲಿಯೂ ಇದೆ. ಆಟೋದವನಿಗೆ “ಸೆಟ್ಲಮೆಂಟಿಗೆ ಬರ್ತೀಯೇನಪಾ” ಎಂದು ಕೇಳುತ್ತೇವೆ, ಆ ಇಂಗ್ಲಿಷ್ ಹೆಸರು ಯಾಕೆ ಬಂತೆಂದು ಕೇಳುವುದಿಲ್ಲ. 1871ರಲ್ಲಿ ಇಂಗ್ಲಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂಬುದನ್ನು ಮಾಡಿದರು. ಊರೂರು ತಿರುಗುವ ಜಾತಿಗಳಲ್ಲಿ ಕೆಲವು ಹುಟ್ಟಾ ಕಳ್ಳಜಾತಿ ಎಂದು ಅದು ಬರೆದಿಟ್ಟಿತು. ತೊಟ್ಟಿಲ ಕೂಸೂ ಅದರಲ್ಲಿ ಬಂತು. ಅಂಥವರನ್ನು ಹಿಡಿದು ತಂದು ಬೇಲಿ ಹಾಕಿ ಇಟ್ಟ ಜಾಗಗಳೇ ಸೆಟ್ಲಮೆಂಟುಗಳು. ದಿನಾ ಹಾಜರಿ ಕೊಡಬೇಕು. ಪಾಸು ಇಲ್ಲದೆ ಹೊರಗೆ ಹೋಗಬಾರದು. ಹುಬ್ಬಳ್ಳಿಯಲ್ಲಿ ಇಂಥವರನ್ನೇ ಗಿರಣಿಯ ಕೆಲಸಕ್ಕೆ ಹಚ್ಚಿದರು. ಅಂದರೆ ಕಳ್ಳರೆಂದು ಕೂಡಿಹಾಕಿದರು, ಕಡಿಮೆ ಕೂಲಿಗೆ ದುಡಿಸಿಕೊಂಡರು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯ್ದೆ ಹೋಯಿತು.

ಕಾಯ್ದೆ ಹೋಯಿತು, ಹೆಸರು ಹೋಗಲಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಘಂಟಿಚೋರ್’ ಎಂಬ ಹೆಸರಿದೆ. ಜಾತಿಯ ಹೆಸರಿನಲ್ಲಿಯೇ ಚೋರ! ದಾಖಲಾತಿ ರಜಿಸ್ಟರಿನಲ್ಲಿ ಆರು ವರ್ಷದ ಹುಡುಗಿಯ ಮುಂದೆ ಆ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ. ಬರೆಯದಿದ್ದರೆ ಅವಳಿಗೆ ವಿದ್ಯಾರ್ಥಿವೇತನ ಬರುವುದಿಲ್ಲ. ಬರೆದರೆ, ನಾಳೆ ಯಾವನೋ ಮಗ್ಗುಲಿನ ಬೆಂಚಿನವನು ಪೆನ್ಸಿಲ್ ಕಳೆದುಕೊಂಡಾಗ ಮೊದಲು ಅವಳ ಪಾಟಿಚೀಲವನ್ನೇ ತೆಗೆದು ನೋಡುತ್ತಾನೆ.

ಪೆನ್ಸಿಲ್ಲಿನ ಮಾತಿರಲಿ, ಅಕ್ಕಿಯ ಮಾತು ಹೇಳುತ್ತೇನೆ. ನಾನು ಮೊದಲು ಇದ್ದ ಒಂದು ಊರಿನಲ್ಲಿ (ಹೆಸರು ಬೇಡ) ಕಬ್ಬು ಕಡಿಯುವ ಗ್ಯಾಂಗು ಬಂದು ಹಳ್ಳದ ದಂಡೆಗೆ ಜೋಪಡಿ ಹಾಕಿತ್ತು. ಅವರ ಮಕ್ಕಳನ್ನು ನಾನೇ ಹೋಗಿ ಶಾಲೆಗೆ ಕರೆತಂದಿದ್ದೆ. ಮೂರು ಮಕ್ಕಳು ಬರುತ್ತಿದ್ದವು. ಒಂದು ಸೋಮವಾರ ಬಿಸಿಯೂಟದ ಕೋಣೆ ತೆಗೆದು ನೋಡಿದರೆ ಎರಡು ಚೀಲ ಅಕ್ಕಿ, ಒಂದಿಷ್ಟು ತೊಗರಿಬೇಳೆ ಇಲ್ಲ. ಹತ್ತು ನಿಮಿಷದಲ್ಲಿ ಊರಿನ ಹಿರಿಯರೆಲ್ಲ ಕೂಡಿದರು, ಹನ್ನೊಂದನೆಯ ನಿಮಿಷಕ್ಕೆ ತೀರ್ಪೂ ಆಯಿತು: “ಗ್ಯಾಂಗಿನವ್ರು ರೀ, ಇನ್ಯಾರು?” ನಾನು ಹೇಳಿದೆ, ಕೀಲಿ ಒಡೆದಿಲ್ಲ, ಕೀಲಿಕೈ ಹಾಕಿ ತೆಗೆದಿದ್ದಾರೆ, ಕೀಲಿಕೈ ಇರುವುದು ಊರಿನಲ್ಲಿ, ಜೋಪಡಿಯಲ್ಲಿ ಅಲ್ಲ ಎಂದು. “ನೀವು ಸುಮ್ನಿರ್ರಿ ಅಕ್ಕೋರ, ನಿಮಗ ತಿಳಿಯಾಂಗಿಲ್ಲ” ಎಂದರು. ಜೋಪಡಿಗಳ ಗಡಿಗೆ ಮಡಿಕೆ ಬೋರಲು ಹಾಕಿ ನೋಡಿದ್ದಾಯಿತು, ಒಬ್ಬ ಹುಡುಗನಿಗೆ ಎರಡು ಏಟು ಬಿದ್ದದ್ದಾಯಿತು. ಮೂರನೆಯ ದಿನ ಚೀಲಗಳು ಊರೊಳಗಿನ ಒಂದು ಕಿರಾಣಿ ಅಂಗಡಿಯ ಹಿಂದೆ ಸಿಕ್ಕವು. ಶಾಲೆಯ ಶಿಕ್ಕೆ ಚೀಲದ ಮೇಲೆ ಹಾಗೆಯೇ ಇತ್ತು. ಆಗ ಅದೇ ಹಿರಿಯರು ಏನೆಂದರು ಗೊತ್ತೇ? “ನಮ್ಮವನ ಅದಾನ, ಹೋಗ್ಲಿ ಬಿಡ್ರಿ, ದೊಡ್ಡದು ಮಾಡೂದು ಬ್ಯಾಡ.” ಅಷ್ಟರಲ್ಲಿ ಗ್ಯಾಂಗು ಬಿಡಾರ ಕಿತ್ತಿತ್ತು. ಮೂರು ಮಕ್ಕಳ ಹಾಜರಿಯ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’ ಎಂದು ತಿಂಗಳ ಕೊನೆಯವರೆಗೆ ಬರೆಯುತ್ತ ಹೋದೆ.

ಮನೆಯಿದ್ದ ಕಳ್ಳನಿಗೆ ಊರು ಇರುತ್ತದೆ. ಮನೆಯಿಲ್ಲದ ಸಂಭಾವಿತನಿಗೆ ಯಾರೂ ಇರುವುದಿಲ್ಲ.

ಇಷ್ಟು ಹೇಳಿದರೂ “ಅದೆಲ್ಲಾ ಖರೆ, ಆದ್ರೂ...” ಎನ್ನುವವರಿಗೆ ನಮ್ಮ ಮುಗದ ಸ್ಟೇಶನ್ನಿನ ದಾರಿ ತೋರಿಸುತ್ತೇನೆ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ಹಳಿ ಇದೇ. ಲೋಂಡಾ ದಾಟಿ ಘಟ್ಟ ಇಳಿದರೆ ಗೋವಾ. ಈ ಹಳಿಯ ಮೇಲೆ ಎಷ್ಟು ವರ್ಷಗಳಿಂದ ನಮ್ಮ ಜನ ಬುತ್ತಿ ಕಟ್ಟಿಕೊಂಡು ಗೋವಾಕ್ಕೆ ದುಡಿಯಲು ಹೋಗುತ್ತಿದ್ದಾರೆ! ಅಲ್ಲಿ ಗೌಂಡಿ ಕೆಲಸ, ಬಂದರಿನ ಹಮಾಲಿ, ಮೀನಿನ ಬುಟ್ಟಿ, ಮನೆಗೆಲಸ, ಎಲ್ಲದರಲ್ಲಿಯೂ ನಮ್ಮವರೇ. ಅಲ್ಲಿನವರು ಅವರನ್ನು ಏನೆಂದು ಕರೆಯುತ್ತಾರೆ? ‘ಘಾಟಿ’ ಎಂದು. ಘಟ್ಟದ ಮೇಲಿನಿಂದ ಬಂದವರು ಎಂಬುದು ಅರ್ಥ, ಬೈಗುಳ ಎಂಬುದು ಬಳಕೆ. ಎಲ್ಲಿ ಕಳುವಾದರೂ, ಎಲ್ಲಿ ಹೊಡೆದಾಟವಾದರೂ ಮೊದಲು ಘಾಟಿಗಳ ಬಾಡಿಗೆ ಖೋಲಿ ಹುಡುಕುತ್ತಾರೆಂದು ಹೋಗಿಬಂದವರೇ ಹೇಳುತ್ತಾರೆ. ವಾಸ್ಕೋದ ಬೈನಾ ಕಡಲದಂಡೆಯಲ್ಲಿ ಕನ್ನಡಿಗರ ಮನೆಗಳನ್ನು 2004ರಲ್ಲಿ ಕೆಡವಿದರು. 2017ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೆಡವಿದರು. ಆಗ ನಮ್ಮ ಕಡೆ ಎಷ್ಟು ಸಿಟ್ಟು! ಪೇಪರುಗಳಲ್ಲಿ ಬರೆದದ್ದೇನು, ಮೋರ್ಚಾ ತೆಗೆದದ್ದೇನು. “ದುಡಿಯೂ ಮಂದಿನ ಕಳ್ಳರು ಅಂತಾರೇನ್ರಿ?” ಎಂದು ಎದೆ ತಟ್ಟಿ ಕೇಳಿದೆವು. ಸರಿಯಾಗಿಯೇ ಕೇಳಿದೆವು. ಅದೇ ಬಾಯಿ ಮಡಿಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೆ ಗೋವಾದವರ ಮಾತನ್ನು ಕನ್ನಡದಲ್ಲಿ ಆಡುತ್ತದಲ್ಲ, ಅದಕ್ಕೆ ಏನೆನ್ನಬೇಕು?

ಈಗ ಕೊಡಗಿನಲ್ಲಿ ಕಾಫಿ ಕೊಯ್ಲಿಗೆ ಅಸ್ಸಾಮಿನ ಕಡೆಯಿಂದ ಜನ ಬರುತ್ತಾರೆ. ಅವರ ಮೇಲೂ ಇದೇ ಮಾತು. 2020ರ ಜನವರಿಯಲ್ಲಿ ಅಲ್ಲಿ ಪೋಲೀಸರು ಸಾವಿರಾರು ಕೂಲಿಕಾರರನ್ನು ಒಂದೇ ದಿನ ಕರೆಸಿ ಕಾಗದಪತ್ರ ತಪಾಸಣೆ ಮಾಡಿದರು. ಅದೇ ತಿಂಗಳು ಬೆಂಗಳೂರಿನ ಬೆಳ್ಳಂದೂರಿನ ಕಡೆ, ಕರಿಯಮ್ಮನ ಅಗ್ರಹಾರದಲ್ಲಿ, ಇವರು ಬಾಂಗ್ಲಾದೇಶದವರೆಂದು ಹೇಳಿ ತಗಡಿನ ಜೋಪಡಿಗಳನ್ನು ಕೆಡವಿದರು. ಕೆಡವಿದ ಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಮ್, ತ್ರಿಪುರದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಚೀಟಿ ತೋರಿಸಿ, ತಮ್ಮ ರಾಜಧಾನಿಯಲ್ಲಿ ತಾವು ಈ ದೇಶದವರೆಂದು ಕನ್ನಡದಲ್ಲಿ ಹೇಳಿಕೊಳ್ಳಬೇಕಾಯಿತು. ಆ ಕೆಲಸ ಕಾನೂನಿಗೆ ಹೊರತಾದದ್ದೆಂದು ಹೈಕೋರ್ಟು ಹೇಳಿತು; ಹೇಳುವುದರೊಳಗೆ ತಗಡು ಮಣ್ಣುಪಾಲಾಗಿತ್ತು.

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ 28ರ ರಾತ್ರಿ ಎಣಿಸಿದರು. ಎಣಿಸಿದವರು ಬಹುತೇಕ ನಾವೇ, ಶಿಕ್ಷಕರು. ಸರಕಾರಕ್ಕೆ ಎಣಿಸುವುದಿದ್ದರೆ, ಅದು ದನವಿರಲಿ ಮನುಷ್ಯರಿರಲಿ, ನೆನಪಾಗುವುದು ನಾವು! ಆಗ ನಾನು ಧಾರವಾಡದಲ್ಲಿದ್ದೆ. ಒಂದು ಗುಡಿಯ ಪೌಳಿಯಲ್ಲಿ ಮಲಗಿದ್ದ ಮುದುಕಿಯನ್ನು ಎಬ್ಬಿಸಿ ಹೆಸರು ಕೇಳಿದೆ. “ಯಾಕ ಬರಕೋತೀಯವ್ವಾ? ಪೋಲೀಸರಿಗೆ ಕೊಡಾಕೇನು?” ಎಂದಳು. ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಆ ರಾತ್ರಿಯ ಲೆಕ್ಕಕ್ಕೆ ಸಿಕ್ಕರು. ನಾವು ಅವರನ್ನು ಕಂಡು ಅಂಜುತ್ತೇವೆ, ಅವರು ನಮ್ಮನ್ನು ಕಂಡು ಅಂಜುತ್ತಾರೆ. ಏಟು ತಿನ್ನುವವರು ಮಾತ್ರ ಯಾವಾಗಲೂ ಅವರೇ. ಬೀದಿಯಲ್ಲಿ ಮಲಗುವ ಹೆಂಗಸಿನ ರಾತ್ರಿ ಹೇಗಿರುತ್ತದೆಂದು ಆ ಮುದುಕಿಯ ಕೈಯಲ್ಲಿದ್ದ ಬಡಿಗೆಯೇ ಹೇಳುತ್ತಿತ್ತು. ಗಂಟಿನ ಪಕ್ಕದಲ್ಲಿ ಇಟ್ಟಿರಲಿಲ್ಲ, ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದಳು.

ಹಾಗಾದರೆ ಪ್ರವಾಸದ ಊರಿನಲ್ಲಿ ಕಳುವು ಆಗುವುದಿಲ್ಲವೇ? ಆಗುತ್ತದೆ. ಜನ ಸೇರಿದಲ್ಲಿ, ದುಡ್ಡು ಓಡಾಡಿದಲ್ಲಿ ಆಗಿಯೇ ಆಗುತ್ತದೆ. ಕೊರಳ ಸರ ಹರಿದುಕೊಂಡು ಮೋಟರ್‌ಸೈಕಲ್ ಮೇಲೆ ಪರಾರಿಯಾಗುವವನಿಗೆ ಮೋಟರ್‌ಸೈಕಲ್ ಇರುತ್ತದೆ, ಅದನ್ನು ನಿಲ್ಲಿಸಲು ಒಂದು ಮನೆಯೂ ಇರುತ್ತದೆ. ಕುಡಿದು ರಸ್ತೆಯಲ್ಲಿ ಕೂಗಾಡಿ, ಬಾಟಲಿ ಒಡೆದು, ಹೆಣ್ಣುಮಕ್ಕಳನ್ನು ಚುಡಾಯಿಸುವವರಿಗೆ ಕಾರಿರುತ್ತದೆ, ಮುಂಗಡ ಕೊಟ್ಟು ಹಿಡಿದ ರೂಮಿರುತ್ತದೆ. ನಮ್ಮ ಹುಡುಗಿಯರಿಗೆ ಮಡಿಕೇರಿಯಲ್ಲಿ ಕೆಟ್ಟ ಮಾತು ಕೇಳಿಸಿದ್ದು ಕಟ್ಟೆಯ ಮೇಲೆ ಮಲಗಿದ್ದವರಿಂದಲ್ಲ, ಒಂದು ಒಳ್ಳೆಯ ಕಾರಿನ ಕಿಟಕಿಯಿಂದ. ಆ ಕಾರಿನವರನ್ನು ಊರ ಹೊರಗೆ ಹಾಕಬೇಕೆಂದು ನಮ್ಮ ಯಾವ ಪ್ರವಾಸಿಯೂ ದೂರಿದ್ದನ್ನು ನಾನು ಕೇಳಿಲ್ಲ. ಕದ್ದವನನ್ನು ಹಿಡಿಯಲಿ, ಬೇಡವೆಂದವರಾರು? ಬೀದಿದೀಪ ಉರಿಯಲಿ, ಶೌಚಾಲಯ ರಾತ್ರಿಯೂ ತೆರೆದಿರಲಿ, ಪೋಲೀಸಿನವರು ಎರಡು ಸುತ್ತು ಹೆಚ್ಚು ಹಾಕಲಿ. ಇದರಿಂದ ನನ್ನ ಹುಡುಗಿಯರಿಗೂ ಒಳ್ಳೆಯದು, ಕಟ್ಟೆಯ ಮೇಲಿನ ಮುದುಕನಿಗೂ ಒಳ್ಳೆಯದು.

‘ಹೊರಗೆ ಹಾಕಿ’ ಎನ್ನುವವರು ಹೊರಗೆ ಅಂದರೆ ಎಲ್ಲಿ ಎಂದು ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಬೇಡುವವರನ್ನು ಹಿಡಿದು ನಿರಾಶ್ರಿತರ ಕೇಂದ್ರದಲ್ಲಿ ಇಡುತ್ತಾರೆ. ಹೆಸರು ಪರಿಹಾರ ಕೇಂದ್ರ. ಬೆಂಗಳೂರಿನ ಮಾಗಡಿ ರಸ್ತೆಯ ಅಂಥ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಅವರೆಲ್ಲ ಎಲ್ಲೋ ಒಂದು ಊರಿನಿಂದ ‘ಹೊರಗೆ’ ಹಾಕಿಸಿಕೊಂಡವರೇ. ದಿಲ್ಲಿಯ ಹೈಕೋರ್ಟು 2018ರಲ್ಲಿ, ಬೇಡುವುದನ್ನು ಅಪರಾಧವೆನ್ನುವ ಅಲ್ಲಿನ ಕಾನೂನಿನ ಕಲಮುಗಳನ್ನು ತೆಗೆದುಹಾಕಿತು. 2021ರಲ್ಲಿ ಬೇಡುವವರನ್ನು ರಸ್ತೆಯಿಂದ ತೆಗೆಯಿರಿ ಎಂದು ಹೋದವರಿಗೆ ಸುಪ್ರೀಂ ಕೋರ್ಟು, ಬಡತನವಿಲ್ಲದಿದ್ದರೆ ಯಾರೂ ಬೇಡುವುದಿಲ್ಲ ಎಂಬರ್ಥದ ಉತ್ತರ ಕೊಟ್ಟು ಕಳಿಸಿತು. ಅದೇ ಕೋರ್ಟು 2010ರಲ್ಲಿ ದೊಡ್ಡ ನಗರಗಳಿಗೆ ಲಕ್ಷ ಜನಕ್ಕೆ ಒಂದರಂತೆ, ವರ್ಷವಿಡೀ ತೆರೆದಿರುವ ರಾತ್ರಿ ಆಶ್ರಯ ಬೇಕೆಂದಿತ್ತು. ಮಡಿಕೇರಿಯ ಜನಸಂಖ್ಯೆ 2011ರಲ್ಲಿ 33 ಸಾವಿರದಷ್ಟು. ಲಕ್ಷದ ಲೆಕ್ಕ ಹಿಡಿದರೆ ಅದರ ಪಾಲಿಗೆ ಬರುವುದು ಆಶ್ರಯದ ಮೂರನೆಯ ಒಂದು ಪಾಲು: ಗೋಡೆಯೋ, ಮಾಡೋ, ನೆಲವೋ, ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು! ಪ್ರವಾಸದ ಊರಿನ ಲೆಕ್ಕ ಹೀಗೆ ಹಾಕಬಾರದು. ಅಲ್ಲಿ ಊರಿನವರಿಗಿಂತ ಬಂದುಹೋಗುವವರು ಹೆಚ್ಚು, ಅವರಿಗೆ ಹಾಸಿಗೆ ಹಾಕುವವರು, ಪಾತ್ರೆ ತೊಳೆಯುವವರು, ಕಾಫಿ ಕೊಯ್ಯುವವರು ಇನ್ನೂ ಹೆಚ್ಚು. ಆಶ್ರಯ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಊರಾಚೆಯ ಗುಡ್ಡದ ಮೇಲೆ ಕಟ್ಟಿ, ಯಾರೂ ಬರುವುದಿಲ್ಲವೆಂದು ಕೀಲಿ ಹಾಕಬಾರದು. ತೋಟದಲ್ಲಿ ದುಡಿದು ಮುಪ್ಪಾದವರಿಗೆ ಲೈನ್ ಮನೆ ಬಿಡಿಸುವ ಮೊದಲು ಒಂದು ಸೈಟು, ಒಂದು ಹಕ್ಕುಪತ್ರ ಆಗಬೇಕು.

ದುಡ್ಡು ಎಲ್ಲಿಂದ ಬರಬೇಕು ಎಂದು ಕೇಳುವವರು ತಮ್ಮ ಮನೆಪಟ್ಟಿಯ ರಶೀದಿ ತೆಗೆದು ನೋಡಬೇಕು. ಗ್ರಂಥಾಲಯ ಕರದ ಹತ್ತಿರ ಭಿಕ್ಷುಕರ ಕರ ಎಂಬ ಸಾಲಿರುತ್ತದೆ, ತೆರಿಗೆಯ ಮೇಲೆ ಶೇಕಡಾ ಮೂರು. ನಾನೂ ಕಟ್ಟುತ್ತೇನೆ, ಮಡಿಕೇರಿಯ ಹೋಮ್‌ಸ್ಟೇಯವರೂ ಕಟ್ಟುತ್ತಾರೆ, ದೂರು ಹೇಳುವವರೂ ಕಟ್ಟುತ್ತಾರೆ. ಹೀಗೆ ವಸೂಲಾದ ಹಣವನ್ನು ಹಲವು ಸ್ಥಳೀಯ ಸಂಸ್ಥೆಗಳು ಪರಿಹಾರ ಸಮಿತಿಗೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕಟ್ಟೆಯ ಮೇಲೆ ಮಲಗಿದವನು ಯಾವ ಊರವನೆಂದು ವಿಚಾರಿಸುವ ಮೊದಲು, ಅವನ ಹೆಸರಿನಲ್ಲಿ ನಮ್ಮಿಂದ ಎತ್ತಿದ ಈ ದುಡ್ಡು ಯಾವ ಊರಿನ ಪೆಟ್ಟಿಗೆಯಲ್ಲಿ ಮಲಗಿದೆ ಎಂದು ವಿಚಾರಿಸೋಣ. ಬರುವ ಗ್ರಾಮಸಭೆಯಲ್ಲಿ ನಾನು ಕೇಳುವವಳಿದ್ದೇನೆ, ರಶೀದಿ ಹಿಡಿದುಕೊಂಡೇ.